ಉಪ್ಪಿನಕಾಯಿಯ ಉಪ್ಪು

ವಾಲ್ನಟ್ ಕ್ರೀಕಿನಂಥ ಬೆಚ್ಚನೆಯ ಊರಿನಲ್ಲೂ ನೀರು ಹೆಪ್ಪುಗಟ್ಟುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಬಾಗಿಲಿಗೆ ನೀರು ಹಾಕದೆ ಇರುತ್ತಿದ್ದೆನೇ ಎಂಬುದು ಅನುಮಾನ. ಎಂಬತ್ತೊಂಬತ್ತರ ಫೆಬ್ರವರಿಯ ಆ ಮುಂಜಾನೆ ಆರಕ್ಕೆ ಎದ್ದು, ದಿನದಂತೆ ಮೆಟ್ಟಿಲು ತೊಳೆದು, ಮನೆ ಮುಂದಿನ ಸೈಡ್‌ವಾಕಿಗೂ ಎರಡು ಬಕೆಟ್ ನೀರು ಹೊಯ್ದು ಒಳಗೆ ಬಂದೆ. ಏಳಕ್ಕೆ ರಂಗೋಲಿ ಹಾಕಲು ಹೋದಾಗ ಚಪ್ಪಲಿ ಜಾರಿತು. ಗೇಟಿನ ಕಂಬ ಸಿಕ್ಕಿದ್ದಕ್ಕೆ ಬೀಳಲಿಲ್ಲ. ಸೈಡ್‌ವಾಕು ಆ ತುದಿಯವರೆಗೆ ಗಾಜಿನಂತಾಗಿತ್ತು.

ಅಂದೇ ಎಂಟಕ್ಕೆ ಪಕ್ಕದ ಮನೆಯ ಡೋರತಿ ನಡೆಯುವುದಿತ್ತು. ಸೊಂಟದ ಆಪರೇಶನ್ ಆಗಿ ಆರು ವಾರ ಮನೆಯೊಳಗೇ ಇದ್ದವಳು. ವಾಕರ್ ಹಿಡಿದು ಮೂಲೆಯ ಅಂಚೆಪೆಟ್ಟಿಗೆಯವರೆಗೆ ಹೋಗಿ, ತಂಗಿಗೆ ಬರೆದ ಕಾಗದ ತಾನೇ ಹಾಕಿ ಬರುತ್ತೇನೆಂದು ಹಿಂದಿನ ದಿನ ಬೇಲಿಯಾಚೆಯಿಂದ ಹೇಳಿದ್ದಳು. ದಾರಿ ನಮ್ಮ ಮನೆ ಮುಂದೆಯೇ.

ಹುಬ್ಬಳ್ಳಿಯಿಂದ ಬಂದಿದ್ದ ಅತ್ತೆ ಬಂಗಾರೆವ್ವ ಶಾಲು ಹೊದ್ದು ಬಾಗಿಲಿಗೆ ಬಂದರು.

"ಏನವಾ, ದಾರಿಗೆ ಕನ್ನಡಿ ಹಾಸೀಯೇನ?"

"ಅತ್ತಿ, ಡೋರತಿ ಬರ್ತಾಳ."

"ಬರಬ್ಯಾಡ ಅಂತ ಹೇಳಿ ಬಾ."

ಹೇಳಬೇಕಾದದ್ದು ಹೌದು. ಆದರೆ ಆರು ವಾರ ಕಾದವಳಿಗೆ, ನನ್ನ ಬಕೆಟ್ಟಿನಿಂದಾಗಿ ಇನ್ನೂ ಕಾಯಿ ಎನ್ನಲು ಬಾಯಿ ಬರಲಿಲ್ಲ. ಎಂಟಕ್ಕೆ ಹತ್ತು ನಿಮಿಷ ಇರುವವರೆಗೆ ನೋಡುವುದು, ಆಗದಿದ್ದರೆ ಹೋಗಿ ಹೇಳುವುದು ಎಂದುಕೊಂಡೆ.

ಬಿಸಿನೀರು ಹೊಯ್ದೆ. ಹಬೆಯೆದ್ದಿತು, ಐದು ನಿಮಿಷಕ್ಕೆ ಮತ್ತಷ್ಟು ನುಣ್ಣಗಾಯಿತು. ತೋಟದ ಸಲಿಕೆಯಿಂದ ಕೆರೆದೆ, ಗೀರು ಬಿದ್ದಿತಷ್ಟೆ. ಆಗ ಉಪ್ಪು ನೆನಪಾಯಿತು. ಉಪ್ಪು ಬೆರೆತರೆ ನೀರು ಬೇಗ ಹೆಪ್ಪುಗಟ್ಟುವುದಿಲ್ಲ ಎಂದು ಸಂಜೆ ಕಾಲೇಜಿನ ಮೇಷ್ಟ್ರು ಹೇಳಿದ್ದರು. ಹಾಗೆಂದಿದ್ದರೋ, ಬೇಗ ಹೆಪ್ಪುಗಟ್ಟುತ್ತದೆ ಎಂದಿದ್ದರೋ? ಐಸ್‌ಕ್ರೀಂ ಮಾಡುವವರು ಉಪ್ಪು ಹಾಕುವುದು ಗಟ್ಟಿಯಾಗಲೆಂದೇ ಅಲ್ಲವೇ? ದಿನವೆಲ್ಲ ಟೈಪು ಮಾಡಿ ಹೋಗಿ ಕೂತ ಆ ತರಗತಿಯಲ್ಲಿ ನಾನು ಅರ್ಧ ತೂಕಡಿಸುತ್ತಿದ್ದೆ.

"ಅತ್ತಿ, ಉಪ್ಪು ಹಾಕಿದ್ರ ಕರಗತದ ಅನಸ್ತದ."

"ಅನಸ್ತದೋ, ಕರಗತದೋ?"

ಮನೆಯಲ್ಲಿದ್ದ ಹರಳುಪ್ಪು ಅತ್ತೆಯದು. ಹಿತ್ತಲ ಗಿಡದ ನಿಂಬೆಹಣ್ಣನ್ನೆಲ್ಲ ತೊಳೆದು ಒರೆಸಿಟ್ಟು, ಅಂದು ಉಪ್ಪಿನಕಾಯಿ ಹಾಕುವವರಿದ್ದರು. ಒಳಗೆ ಹೋಗಿ ಭರಣಿಯನ್ನೇ ತಂದು ನನ್ನ ಕೈಗಿಟ್ಟರು.

"ಒಂದ ಮುಷ್ಟಿ ಹಾಕಿ ನೋಡು. ಕಲತಾಕಿ ನೀನು. ನಿಂಗ ನಂಬಿಕಿ ಇಲ್ಲಂದ್ರ ಉಪ್ಪಿಗ್ಯಾಕ ಇರ್ತದ?"

ಎರಚಿ ಕುಕ್ಕರಗಾಲಲ್ಲಿ ಕೂತೆ. ಏನೂ ಆಗಲಿಲ್ಲ. ಆಮೇಲೆ ಚಟ್ ಎಂದು ಸಣ್ಣ ಸದ್ದು. ಪ್ರತಿ ಹರಳಿನ ಕೆಳಗೂ ತೂತು ಬಿದ್ದು ನೀರು ಮಿನುಗುತ್ತಿತ್ತು. ಭರಣಿ ಪೂರ್ತಿ ಸುರಿದೆ. ಸ್ವಲ್ಪ ಹೊತ್ತಿಗೆ ಸಲಿಕೆ ತಾಗಿದಲ್ಲೆಲ್ಲ ಮಂಜುಗಡ್ಡೆ ಹಪ್ಪಳದ ಹಾಗೆ ಏಳತೊಡಗಿತು. ನಾನು ಎಬ್ಬಿಸಿದ್ದನ್ನು ಅತ್ತೆ ಪೊರಕೆಯಿಂದ ಚರಂಡಿಗೆ ತಳ್ಳಿದರು. ಕೊನೆಗೆ ಉಳಿದ ಒದ್ದೆಯ ಮೇಲೆ, ಕಾಲಿಗೆ ಹಿಡಿತ ಇರಲೆಂದು, ಊರಿಂದ ತಂದ ದಪ್ಪ ರಂಗೋಲಿ ಪುಡಿ ಚೆಲ್ಲಿದರು. ಎಂಟಕ್ಕೆ ಹತ್ತು ನಿಮಿಷ ಇರುವಾಗ ನಾನು ಅದರ ಮೇಲೆ ನಡೆದೆ, ಕುಣಿದೆ, ಹಿಂದುಹಿಂದಕ್ಕೂ ನಡೆದು ನೋಡಿದೆ. ಜಾರಲಿಲ್ಲ.

ಡೋರತಿ ಬಂದಳು. ಮೊದಲು ವಾಕರ್, ಆಮೇಲೆ ಹೆಜ್ಜೆ. ಬಿಳಿಯ ಪುಡಿಯ ಹತ್ತಿರ ನಿಂತಳು.

"ಇದೇನು, ನನಗೆ ಸ್ವಾಗತವೇ?"

"ಇಲ್ಲ, ನನ್ನ ತಪ್ಪು. ನೀರು ಹಾಕಿ ಐಸ್ ಮಾಡಿದವಳು ನಾನೇ."

ಅವಳು ಉಪ್ಪಿನ ಕಲೆಗಳನ್ನು ನೋಡಿ ನಕ್ಕಳು. "ನಾನು ಮಿನೆಸೋಟದವಳು. ಮದುವೆಯಾಗುವ ತನಕ ಅಪ್ಪನ ಮನೆಯೆದುರಿನ ಹಿಮ ಎತ್ತಿದವಳು. ಇಷ್ಟು ಚೊಕ್ಕ ನನ್ನಿಂದಲೂ ಆಗುತ್ತಿರಲಿಲ್ಲ."

ರಂಗೋಲಿಯ ಮೇಲೆ ವಾಕರ್ ಊರಿ ಮುಂದೆ ಹೋದಳು. ಮೂಲೆಯಲ್ಲಿ ಅಂಚೆಪೆಟ್ಟಿಗೆಯ ಕಬ್ಬಿಣದ ಬಾಯಿ ಧಡ್ ಎಂದು ಮುಚ್ಚಿತು. ಅವಳು ತಿರುಗಿ ಒಂದು ಕೈ ಮೇಲೆತ್ತಿದಳು.

ಅತ್ತೆ ಖಾಲಿ ಭರಣಿ ಬೋರಲು ಹಾಕಿ ತಟ್ಟಿದರು.

"ಈಗ ಹೇಳು. ಅನಸ್ತದೋ, ಕರಗತದೋ?"

"ಕರಗತದ," ಎಂದೆ.