ಕುಕ್ಕರಿನ ಕುಲಾವಿ

ಆವಿ ಬರಲಿಲ್ಲ.

ಅಕ್ಕ ಮರದ ಸೌಟಿನ ತುದಿಯಿಂದ ಕುಕ್ಕರಿನ ವಾಲ್ವನ್ನು ಪಕ್ಕಕ್ಕೆ ಸರಿಸಿದಳು. ಎಂದಿನಂತೆ ಬುಸ್ಸೆಂದು ಏಳಬೇಕಾಗಿದ್ದ ಬಿಳಿಯ ಕಂಬ ಏಳಲಿಲ್ಲ. ಮತ್ತೊಮ್ಮೆ ಸರಿಸಿದಳು. ವಾಲ್ವು ಆಚೆಗೂ ಈಚೆಗೂ ಹೊರಳಿತೇ ಹೊರತು ಅದರ ಬಾಯಿಂದ ಒಂದೆಳೆ ಹಬೆಯೂ ಹೊರಡಲಿಲ್ಲ.

"ನೋಡು, ತಾನೇ ತಣ್ಣಗಾಗಿ ಕೂತಿದೆ," ಎಂದಳು. "ತಟ್ಟೆ ಹಾಕು. ಕೋಟು ಒಯ್ಯೋ ಆಸ್ಪತ್ರೆ ಗಾಡಿ ಬರೋದ್ರೊಳಗೆ ಎರಡು ತುತ್ತು ಹೊಟ್ಟೆಗೆ ಬೀಳಲಿ."

ತಂಗಿ ಕಿಟಕಿಯ ಬಳಿ ಕುಳಿತು ಕೊನೆಯ ಬಿಳಿ ಕೋಟಿಗೆ ಗುಂಡಿಯ ಕಾಜಾ ಹಾಕುತ್ತಿದ್ದಳು. ತಲೆಯೆತ್ತಿದಾಗ ಅವಳ ದೃಷ್ಟಿ ಬಿದ್ದದ್ದು ವಾಲ್ವಿನ ಮೇಲಲ್ಲ, ಅದರ ಪಕ್ಕದ ಪುಟ್ಟ ಲೋಹದ ಮೊಳೆಯ ಮೇಲೆ. ಒಳಗೆ ಒತ್ತಡವಿರುವಷ್ಟು ಹೊತ್ತು ತಲೆಯೆತ್ತಿ ನಿಂತಿದ್ದು, ಒತ್ತಡ ಇಳಿದೊಡನೆ ತನ್ನ ಕುಳಿಯೊಳಕ್ಕೆ ಬಿದ್ದುಬಿಡುವ ಮೊಳೆ ಅದು. ಈಗ ಅದು ನಿಂತೇ ಇತ್ತು.

ತಂಗಿ ಸೂಜಿ ಕೆಳಗಿಟ್ಟಳು. ಕೂಗಬೇಕೆಂದು ಬಾಯಿ ತೆರೆದಳು. ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡಳು.

ಕೂಗಿದ್ದರ ಫಲವನ್ನು ಅವಳು ಒಮ್ಮೆ ಉಂಡಿದ್ದಳು. ಈ ವಿದ್ಯುತ್ ಕುಕ್ಕರು ಮನೆಗೆ ಬಂದ ಹೊಸತರಲ್ಲಿ, ಅಡುಗೆ ಮುಗಿದು ಅಕ್ಕ ಆವಿ ಬಿಟ್ಟಾಗ, ಆ ಸದ್ದಿಗೆ ಬೆಚ್ಚಿದ ತಂಗಿ "ಸಿಡೀತು! ಎಲ್ಲಾ ಹೊರಗೆ ಬನ್ನಿ!" ಎಂದು ಚೀರುತ್ತ ಮೆಟ್ಟಿಲಿಳಿದು ಬೀದಿಗೇ ಓಡಿದ್ದಳು. ಕೆಳಗಿನ ಅಂಗಡಿಯ ಕ್ಷೌರಿಕ ಕೈಯಲ್ಲಿ ಕತ್ತಿ ಹಿಡಿದು ಓಡಿ ಬಂದ. ಅವನ ಹಿಂದೆ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ, ಇನ್ನರ್ಧಕ್ಕೆ ನೊರೆ ಮೆತ್ತಿಕೊಂಡು. ಅಂದಿನಿಂದ ಬೀದಿಯಲ್ಲಿ ಅವಳ ಹೆಸರು ಸೈರನ್. ತರಕಾರಿ ಕೊಳ್ಳಲು ಹೋದರೂ "ಸೈರನ್ ಬಂತು, ದಾರಿ ಬಿಡಿ" ಎನ್ನುವರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಅಕ್ಕ. "ಇನ್ನೊಂದ್ ಸಲ ಕೂಗಿ ನನ್ನ ಮಾನ ಕಳೆದ್ಯೋ, ನಿನ್ನ ಬಾಯಿಗೇ ಹೊಲಿಗೆ ಹಾಕಿಬಿಡ್ತೀನಿ," ಎಂದಿದ್ದಳು.

ಅಕ್ಕನಿಗೆ ಹೆದರಿಕೆ ಎಂಬುದೇ ಗೊತ್ತಿರಲಿಲ್ಲವೆಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ಇಬ್ಬರೂ ಚಿಕ್ಕವರಿದ್ದಾಗ ಅಮ್ಮನ ಹಳೆಯ ಕುಕ್ಕರು ಉರಿಯ ಮೇಲೆಯೇ ಬಿರಿದಿತ್ತು. ತಂಗಿ ಮಂಚದ ಕೆಳಗೆ ನುಸುಳಿ ಕಿವಿ ಮುಚ್ಚಿಕೊಂಡಳು. ಅಕ್ಕ ಒದ್ದೆ ಟವೆಲು ಹಿಡಿದು ಹಬೆಯೊಳಕ್ಕೇ ನುಗ್ಗಿದಳು. ಅಮ್ಮನ ಕತ್ತಿನ ಸುಟ್ಟ ಗಾಯ ಮಾಯ್ದ ಮೇಲೆ ಉಳಿದ ಸುಕ್ಕು ಯಾರ ಕಣ್ಣಿಗೂ ಬೀಳದಂತೆ, ಎತ್ತರದ ಕತ್ತುಪಟ್ಟಿಯ ಅಂಗಿಯೊಂದನ್ನು ಹೊಲಿದಳು. ಅದೇ ಅಕ್ಕನ ಮೊದಲ ಹೊಲಿಗೆ; ಅದೇ ಕೊನೆಗೆ ಕಸುಬಾಯಿತು. ಆಮೇಲೆ ಯಾವ ತೊಂದರೆಗೂ ಅವಳ ಉತ್ತರ ಬಟ್ಟೆಯೇ. ಗೋಡೆ ಬಿರುಕು ಬಿಟ್ಟರೆ ಅದರ ಮುಂದೊಂದು ಪರದೆ. ಹೊಲಿಗೆಯಂತ್ರದ ಕಾಲು ಅಲ್ಲಾಡಿದರೆ ಅದರಡಿಗೆ ಮಡಿಸಿದ ಚಿಂದಿ.

ಕುಕ್ಕರಿಗೂ ಅದೇ ಉಪಚಾರ ನಡೆದಿತ್ತು. ಇದ್ದದ್ದು ಒಂದೇ ಉದ್ದನೆಯ ಕೋಣೆ: ಈ ತುದಿಯಲ್ಲಿ ಹೊಲಿಗೆ, ಆ ತುದಿಯಲ್ಲಿ ಅಡುಗೆ, ಮೇಲೆ ಹಾದು ಹೋದ ಸಲಾಕೆಯಲ್ಲಿ ಆಸ್ಪತ್ರೆಯ ಕೋಟುಗಳ ಸಾಲು. ಬೇಯುವಾಗ ಆವಿಯ ಜೊತೆ ಹಾರಿದ ಕಾಳಿನ ರಸ ಒಮ್ಮೆ ಒಂದು ಕೋಟಿನ ಎದೆಗೆ ಕಂದು ಚುಕ್ಕೆಯಿಟ್ಟಿತು. ಆ ಕೋಟು ಮರಳಿ ಬಂದ ದಿನವೇ ಅಕ್ಕ ಅಳತೆಪಟ್ಟಿ ತೆಗೆದು ವಾಲ್ವಿನ ಸುತ್ತಳತೆ ಹಿಡಿದಳು. ಎರಡು ಪದರ ಬಟ್ಟೆ, ನಡುವೆ ಹತ್ತಿ, ಅಂಚಿಗೆ ಪಟ್ಟಿ, ಒಳಗೆ ಎಲಾಸ್ಟಿಕ್ಕು. ಎಳೆಗೂಸಿನ ತಲೆಗೂ ತೊಡಿಸಬಹುದಾದಷ್ಟು ಮುದ್ದಾದ ಕುಲಾವಿ. ಕುಕ್ಕರಿನಲ್ಲಿ ಬೇಯುವಾಗಲೆಲ್ಲ ವಾಲ್ವಿನ ತಲೆಯ ಮೇಲೆ ಅದು ಕೂತಿರುತ್ತಿತ್ತು. ಆವಿ ಬಿಡುವಾಗ ತೆಗೆಯುವುದು, ಒಣಗಿಸುವುದು, ಮತ್ತೆ ತೊಡಿಸುವುದು.

ಕುಕ್ಕರಿನೊಡನೆ ಬಂದಿದ್ದ ಸೂಚನೆಯ ಹಾಳೆ ಗಟ್ಟಿ ಕಾಗದದ್ದು. ಓದುವುದಕ್ಕೆ ಮೊದಲೇ ಅಕ್ಕ ಅದನ್ನು ಕೋಟಿನ ಜೇಬಿನ ಮಾದರಿಯಾಗಿ ಕತ್ತರಿಸಿಕೊಂಡಿದ್ದಳು. ಆ ಮಾದರಿಯ ಮೂಲೆಯಲ್ಲಿ, ವಾಲ್ವಿನ ಮೇಲೆ ಬಟ್ಟೆ ಹೊದಿಸಿದ ಚಿತ್ರವೊಂದು ಉಳಿದಿತ್ತು. ಚಿತ್ರದ ಮೇಲೆ ಕೆಂಪು ಗೀಟು ಅಡ್ಡಡ್ಡ ಹೊಡೆದಿತ್ತು. ಸೀಮೆಸುಣ್ಣದಿಂದ ಜೇಬು ಗುರುತು ಹಾಕುವಾಗಲೆಲ್ಲ ತಂಗಿ ಅದನ್ನು ನೋಡುತ್ತಿದ್ದಳು. ಹೇಳಿದರೆ ಸೈರನ್ ಎನ್ನುವರು, ಹೇಳಲಿಲ್ಲ.

ಈಗ ಅಕ್ಕ ಮುಚ್ಚಳದ ಹಿಡಿ ಹಿಡಿದು ತಿರುವುತ್ತಿದ್ದಳು. ಅದು ಮಿಸುಕಲಿಲ್ಲ.

"ಈ ಮೊಳೆ ಅಂಟ್ಕೊಂಡಿದೆ, ಅಷ್ಟೇ. ಅದಕ್ಕೇ ಬೀಗ ಬಿಡ್ತಿಲ್ಲ," ಎಂದು ಗೊಣಗಿ, ಸೂಜಿಗಳ ಡಬ್ಬಿಯಿಂದ ದಬ್ಬಣ ಆರಿಸಿಕೊಂಡು ಮುಚ್ಚಳದ ಮೇಲೆ ಬಾಗಿದಳು. ಕನ್ನಡಕ ಹಣೆಯ ಮೇಲಿತ್ತು. ದಬ್ಬಣದ ಮೊನೆಗೂ ಮುಖಕ್ಕೂ ನಡುವೆ ಒಂದು ಗೇಣಿನ ಅಂತರವೂ ಇರಲಿಲ್ಲ.

ತಂಗಿಗೆ ಅಮ್ಮನ ಕತ್ತು ಕಂಡಿತು. ಕೂಗಲು ಉಸಿರೇ ಇಲ್ಲದೆ, ಪಕ್ಕದಲ್ಲಿ ಮಲಗಿದವರನ್ನು ಮೆಲ್ಲಗೆ ಎಬ್ಬಿಸುವಂಥ ದನಿಯಲ್ಲಿ ಅಂದಳು:

"ಅಕ್ಕಾ, ಕೈ ತೆಗಿ."

ಅಕ್ಕ ತಟಕ್ಕನೆ ಹಿಂತಿರುಗಿ ನೋಡಿದಳು. ತಂಗಿ ಚೀರಿದ್ದರೆ ಅವಳು ತಿರುಗುತ್ತಿರಲಿಲ್ಲ. ಈ ಸಣ್ಣ ದನಿ ಅವಳಿಗೆ ಹೊಸದು. ತಿರುಗಿದ ರಭಸಕ್ಕೆ ದಬ್ಬಣ ಜಾರಿ ಮೊಳೆಯ ಪಕ್ಕಕ್ಕೆ ತಾಗಿತು. ಸುಂಯ್ ಎಂದು, ದಾರದಷ್ಟು ಸಪೂರವಾದ ಬಿಳಿಯ ಎಳೆಯೊಂದು ನೆಟ್ಟಗೆ ಮೇಲೆದ್ದು, ಅಕ್ಕನ ಮುಖ ಈಗಷ್ಟೇ ಇದ್ದ ಜಾಗವನ್ನು ಹಾದು, ಸಲಾಕೆಯಲ್ಲಿದ್ದ ಕೋಟೊಂದರ ತೋಳನ್ನು ಅಲ್ಲಾಡಿಸಿ ನಿಂತುಹೋಯಿತು. ಮೊಳೆ ಮತ್ತೆ ತಲೆಯೆತ್ತಿ ಬಿಗಿಯಾಗಿ ನಿಂತಿತು.

ದಬ್ಬಣ ನೆಲಕ್ಕೆ ಬಿತ್ತು. ಇಬ್ಬರೂ ಅದನ್ನು ಎತ್ತಿಕೊಳ್ಳಲಿಲ್ಲ.

"ಖಾಲಿ ಆಗಿಲ್ಲ," ಎಂದಳು ತಂಗಿ. "ದಾರಿ ಮುಚ್ಚಿದೆ. ಎಲ್ಲಾ ಒಳಗೇ ಇದೆ."

ಕುಕ್ಕರಿನ ಎದೆಯಲ್ಲಿ ಪುಟ್ಟ ಹಳದಿ ದೀಪ ಉರಿಯುತ್ತಿತ್ತು. ಬೇಯಿಸುವುದು ಮುಗಿದರೂ ಬಿಸಿ ಆರದಂತೆ ಅದು ಸಣ್ಣಗೆ ಕಾಯುತ್ತಲೇ ಇತ್ತು. ಪ್ಲಗ್ಗು ಇದ್ದದ್ದು ಕುಕ್ಕರಿನ ಹಿಂದಿನ ಗೋಡೆಯಲ್ಲಿ. ತಂಗಿ ಗೋಡೆಗೆ ಭುಜ ಒರಸಿಕೊಂಡು, ಮುಖವನ್ನು ಆಚೆ ತಿರುಗಿಸಿ, ಹೆಜ್ಜೆ ಹೆಜ್ಜೆಗೂ ನಿಲ್ಲುತ್ತ ಹೋದಳು. ಚಾಚಿದ ತೋಳಿಗೆ ಪಾತ್ರೆಯ ಕಾವು ತಾಗಿದಾಗ ಮಂಚದ ಕೆಳಗಿನ ಧೂಳಿನ ವಾಸನೆ ಮೂಗಿಗೆ ಬಂದಂತಾಯಿತು. ಸ್ವಿಚ್ಚು ಒತ್ತಿ, ಪ್ಲಗ್ಗು ಕಿತ್ತಳು. ಹಳದಿ ದೀಪ ಆರಿತು. ಬರುತ್ತ ಅಕ್ಕನ ಮೊಣಕೈ ಹಿಡಿದು ಹೊರಗೆಳೆದುಕೊಂಡು ಬಂದು, ಬಾಗಿಲು ಮುಚ್ಚಿ, ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಕೆಳಗೆ ಗಾಡಿಯ ಹಾರನ್ನು ಕೇಳಿತು. ಕ್ಷೌರಿಕ ಮೆಟ್ಟಿಲೇರಿ ಬಂದ.

"ಏನಮ್ಮಾ ಸೈರನ್ನು, ಬಾಗ್ಲು ಹಾಕ್ಕೊಂಡ್ ಕೂತಿದೀರಿ? ಆಸ್ಪತ್ರೆಯವರು ಬಂದಿದಾರೆ, ಕೋಟು ಕೇಳ್ತಿದಾರೆ."

"ಕುಕ್ಕರಿನ ದಾರಿ ಕಟ್ಟಿಕೊಂಡಿದೆ. ತಾನಾಗಿ ಆರೋ ತನಕ ಒಳಗೆ ಹೋಗೋ ಹಾಗಿಲ್ಲ."

"ಇಷ್ಟೇನಾ! ಕೋಟು ತಾನೇ, ನಾನ್ ಹೋಗಿ ತರ್ತೀನಿ ಬಿಡಿ. ಪಾತ್ರೆ ನನ್ನನ್ನೇನು ನುಂಗುತ್ತಾ?" ಎನ್ನುತ್ತ ಅವನು ಬಾಗಿಲಿಗೆ ಕೈಹಾಕಿದ. ತಂಗಿ ಎದ್ದು ಅಡ್ಡ ನಿಂತಳು.

"ಕೋಟು ನೇತಾಕಿರೋದು ಅದರ ತಲೆ ಮೇಲೇ. ಯಾರೂ ಹೋಗೋದು ಬೇಡ."

ಕ್ಷೌರಿಕ ನಗುತ್ತ ಅಕ್ಕನ ಕಡೆ ನೋಡಿದ. ಎಂದಿನಂತೆ ಅವಳೂ ನಗುವಳೆಂದು ಕಾದ. ಅಕ್ಕ ತನ್ನ ಕತ್ತಿನ ಮೇಲೆ ಅಂಗೈ ಒತ್ತಿಕೊಂಡು ಕುಳಿತಿದ್ದಳು.

"ಅವಳು ಹೇಳಿದ ಹಾಗೆ ಮಾಡಪ್ಪ," ಎಂದಳು. "ತಡ ಆಗುತ್ತೆ ಅಂತ ಹೇಳು. ಬೈದರೆ ಬೈಸ್ಕೋ."

ಅವನ ನಗು ಮುಖದ ಮೇಲೆಯೇ ಆರಿತು. ಬಾಗಿಲನ್ನೊಮ್ಮೆ ನೋಡಿ, ಬಂದದ್ದಕ್ಕಿಂತ ಬೇಗ ಇಳಿದು ಹೋದ.

ಕಾಯುವುದು ಶುರುವಾಯಿತು. ಬಾಗಿಲ ಆಚೆ ಏನೂ ಕೇಳುತ್ತಿರಲಿಲ್ಲ. ಸದ್ದಿಗೆ ಹೆದರುವವಳೆಂದು ತಂಗಿಯನ್ನು ನೋಡಿ ಜನ ನಕ್ಕಿದ್ದರು. ಸದ್ದು ಎಷ್ಟು ವಾಸಿಯೆಂದು ಈಗ ತಿಳಿಯುತ್ತಿತ್ತು. ಮೆಟ್ಟಿಲ ಮೇಲಿನ ಬಿಸಿಲು ಒಂದು ಮೆಟ್ಟಿಲು ಕೆಳಗಿಳಿಯಿತು. ಗಾಡಿ ಮತ್ತೊಮ್ಮೆ ಹಾರನ್ನು ಹೊಡೆದು ಸುಮ್ಮನಾಯಿತು.

"ಅವತ್ತು ನೀನು ಮಂಚದ ಕೆಳಗೆ ಹೋದ್ಯಲ್ಲ," ಎಂದಳು ಅಕ್ಕ, ಗೋಡೆಯನ್ನು ನೋಡುತ್ತ. "ಅಲ್ಲಿ ಇನ್ನೊಬ್ಬರಿಗೆ ಜಾಗ ಇತ್ತಾ?"

ತಂಗಿ ಅವಳತ್ತ ತಿರುಗಿದಳು.

ಒಳಗಿನಿಂದ ಟಕ್ ಎಂದು ಸಣ್ಣದೊಂದು ಸದ್ದು ಬಂತು, ಗುಂಡಿಯೊಂದು ನೆಲಕ್ಕೆ ಬಿದ್ದಂತೆ. ಮೊಳೆ ಬಿದ್ದಿತ್ತು. ಆದರೂ ತಂಗಿ ಏಳಲಿಲ್ಲ. ಇನ್ನಷ್ಟು ಹೊತ್ತು ಕಳೆದ ಮೇಲೆ ಬಾಗಿಲು ತೆರೆದು, ಮೊದಲು ಇಣುಕಿ, ಆಮೇಲೆ ಒಳಗೆ ಹೋದಳು. ಮುಚ್ಚಳವನ್ನು ತಿರುವಿ, ಮುಖದಿಂದ ದೂರಕ್ಕೆ ಓರೆಮಾಡಿ ಎತ್ತಿದಳು. ಬೆಂದು ಒಡೆದ ಕಾಳಿನ ವಾಸನೆ ಕೋಣೆ ತುಂಬಿತು, ಅಷ್ಟೇ.

ಕೋಟುಗಳು ಗಾಡಿಗೆ ಹೋದವು. ಯಾವುದಕ್ಕೂ ಚುಕ್ಕೆ ಬಿದ್ದಿರಲಿಲ್ಲ.

ಆಮೇಲೆ ಇಬ್ಬರೂ ಮುಚ್ಚಳವನ್ನು ಕತ್ತರಿಸುವ ಮೇಜಿನ ಮೇಲೆ ಬೋರಲು ಹಾಕಿದರು. ವಾಲ್ವಿನ ಕೆಳಗೆ, ಒಳಮೈಗೆ, ಬೆರಳ ತುದಿಯಷ್ಟಗಲದ ಉಕ್ಕಿನ ಜಾಲರಿಯೊಂದಿತ್ತು. ಅದು ಕಳಚಿ ಬರುತ್ತದೆಂಬುದೇ ಅವರಿಗೆ ತಿಳಿದಿರಲಿಲ್ಲ. ಅದರ ಹಿಂದೆ ಕಾಳಿನ ನೊರೆ ಒಣಗಿ ಗೋಂದಾಗಿತ್ತು; ಗೋಂದಿನಲ್ಲಿ ಕುಲಾವಿಯ ಹತ್ತಿ ಎಳೆಎಳೆಯಾಗಿ ಸೇರಿ, ಹೊಸೆದು, ಬೂದು ಬಣ್ಣದ ಬಿರಡೆಯಾಗಿ ನಿಂತಿತ್ತು. ಅಕ್ಕ ಅದನ್ನು ಉಗುರಿನಿಂದ ಮುಟ್ಟಿ ನೋಡಿದಳು. ಯಾವ ಬಟ್ಟೆಯ ಎಳೆಯೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಹೊಲಿಗೆಯಂತ್ರದ ನೂಲುಧೂಳು ಗುಡಿಸುವ ಮೆತ್ತನೆಯ ಬ್ರಷ್ಷನ್ನು ಅಕ್ಕ ತಾನೇ ತೊಳೆದು ತಂದುಕೊಟ್ಟಳು. ತಂಗಿ ಬೆಚ್ಚನೆಯ ನೀರಿನಲ್ಲಿ ಜಾಲರಿ ಉಜ್ಜಿದಳು, ವಾಲ್ವು ಉಜ್ಜಿದಳು, ಮೊಳೆಯನ್ನು ಅದರ ರಬ್ಬರು ಬಳೆಯ ಸಮೇತ ಬಿಡಿಸಿ ತೊಳೆದು ಒರೆಸಿದಳು. ಮೇಜಿನ ಅಂಚಿನಲ್ಲಿ ಒದ್ದೆ ಕುಲಾವಿ ಮುದುಡಿ ಕೂತಿತ್ತು. ಅಕ್ಕ ಅದನ್ನು ಕೈಗೆತ್ತಿಕೊಂಡು, ಅಂಚಿನ ಹೊಲಿಗೆಯನ್ನು ಹೆಬ್ಬೆರಳಿನಿಂದ ಒಂದು ಸುತ್ತು ಸವರಿ, ಚಿಂದಿಯ ಬುಟ್ಟಿಗೆ ಹಾಕಿದಳು.

"ಪೂರ್ತಿ ಹೋಯ್ತಾ?" ಎಂದು ಕೇಳಿದಳು.

"ನೋಡೋಣ. ಆ ಕಡೆ ಕೈ ಹಿಡಿ."

ತಂಗಿ ಮುಚ್ಚಳವನ್ನು ಬೆಳಕಿನತ್ತ ಎತ್ತಿ, ಆವಿಯ ತೂತಿಗೆ ತುಟಿಯಿಟ್ಟು ಊದಿದಳು. ಆ ಬದಿಯಲ್ಲಿ ಅಕ್ಕ ಅಂಗೈ ಚಾಚಿದಳು. ತಂಗಿಯ ಉಸಿರು, ತೆಳ್ಳಗೆ, ಬೆಚ್ಚಗೆ, ಅದರ ನಡುವಿಗೆ ಬಂದು ತಾಗಿತು.

"ಬಂತಾ?" ಎಂದಳು ತಂಗಿ.

ಅಕ್ಕ ಹೌದೆಂದು ತಲೆಯಾಡಿಸಿದಳು. ಕೈ ತೆಗೆಯಲಿಲ್ಲ.