ಭುಜದ ಮೇಲಿನ ಬೆರಳು

ನಾಲ್ಕು ಬೆರಳು. ಬದರಿನಾಥ ಫೋಟೋದ ಮೇಲೆ ಭೂತಗನ್ನಡಿ ಹಿಡಿದು ಮತ್ತೆ ಎಣಿಸಿದ. ನಾಲ್ಕೇ. ಎದ್ದು ಕಿಟಕಿಯವರೆಗೆ ಹೋಗಿ ಬಂದ. ಇಂಥ ಖುಷಿ ಕೂತಲ್ಲಿ ಕೂರಗೊಡುವುದಿಲ್ಲ.

ಅಮೆರಿಕದ ಏಪೆಕ್ಸ್ ಎಂಬ ಊರಿನ ಈ ಮನೆಯಲ್ಲಿ ಕೂತು ಅವನು ಕಂಪನಿಗೆ ಕೋಡ್ ಬರೆಯುತ್ತಿದ್ದ, ತನಗಾಗಿ ಕಮ್ಯುನಿಸ್ಟ್ ಮಂಗೋಲಿಯಾದ ಸೇನೆಯ ಇತಿಹಾಸ. ದಂಡಿನ ಕತೆಯೆಲ್ಲ ದಂಡ ಎನ್ನುತ್ತಿದ್ದಳು ಹೆಂಡತಿ ಉಷಾ. ಮಂಗೋಲಿಯಾಕ್ಕೂ ಮಂಡ್ಯದವನಿಗೂ ಏನು ಸಂಬಂಧ ಎಂದು ಜನ ಕೇಳುತ್ತಿದ್ದರು. ಮಂಡ್ಯಕ್ಕೂ ನನಗೂ ಈಗ ಏನು ಸಂಬಂಧ ಎಂದು ಅವನು ತಿರುಗಿ ಕೇಳುತ್ತಿದ್ದ.

ಬೆಳಿಗ್ಗೆ ಅಂಚೆಯಲ್ಲಿ ಬಂದಿದ್ದು ಕುದುರೆ ದಳದ ಅಧಿಕಾರಿಗಳ ಹಳೆಯ ಫೋಟೋ. ೧೯೩೭ರಲ್ಲಿ ಆ ಸೇನೆಯ ಎಷ್ಟೋ ಅಧಿಕಾರಿಗಳನ್ನು ಸರ್ಕಾರದವರೇ ಜಪಾನಿನ ಗೂಢಚಾರರೆಂದು ಹಿಡಿದು ಕೊಂದಿದ್ದರು. ಆಮೇಲೆ ಫೋಟೋಗಳಿಂದಲೂ ತೆಗೆದಿದ್ದರು. ಇಲ್ಲಿ ಒಬ್ಬನನ್ನು ಅಳಿಸಿದ ಮಹಾಶಯ ಆ ಜಾಗದಲ್ಲಿ ಗೋಡೆ ಬರೆದು, ಪಕ್ಕದವನ ಭುಜದ ಮೇಲಿದ್ದ ಬೆರಳು ಮರೆತಿದ್ದ. ಅಳಿಸಿದವನ ಅವಸರ, ನಡುಕ ಎಲ್ಲ ಆ ನಾಲ್ಕು ಬೆರಳಲ್ಲಿತ್ತು. ಬದರಿನಾಥನಿಗೆ ಒಂದು ಅಧ್ಯಾಯವೇ ಸಿಕ್ಕಿತ್ತು. ನಾನಾಗಿದ್ದರೆ ಹೀಗೆ ಬಿಡುತ್ತಿರಲಿಲ್ಲ ಅಂದುಕೊಂಡು ನಕ್ಕ.

ಫೋನ್ ಬಂತು. ಪ್ರಶಾಂತ್, ಒಂದೇ ಟೀಮ್, ನಾಲ್ಕು ವರ್ಷ ಒಂದೇ ಕಾರಿನಲ್ಲಿ ಆಫೀಸಿಗೆ ಹೋದವನು.

"ಲೇ, ಆಫ್ ಆದೆ ಕಣೋ."

"ಏನು?"

"ಲೇ-ಆಫ್. ಕೆಲಸದಿಂದ ತೆಗೆದ್ರು, ನನ್ನೂ ಸೇರಿ ಐದು ಜನರನ್ನ. ವೀಸಾಗೆ ಅರವತ್ತು ದಿನ ಅಷ್ಟೆ, ಬೇರೆ ಕೆಲಸ ಸಿಗದಿದ್ರೆ ದೇಶ ಬಿಡ್ಬೇಕು. ನಿಂಗೆ ಮೊದ್ಲೇ ಗೊತ್ತಿತ್ತಾ?"

"ಇಲ್ಲಪ್ಪ. ಮೀಟಿಂಗ್ ಇದೆ, ಆಮೇಲೆ ಕಾಲ್ ಮಾಡ್ತೀನಿ."

ಗೊತ್ತಿತ್ತು. ಮ್ಯಾನೇಜರ್ ರಚನಾ ನಿನ್ನೆಯೇ ಐದು ಹೆಸರು ಕಳಿಸಿ, ಅವರನ್ನು ವೆಬ್‌ಸೈಟಿನ ಟೀಮ್ ಫೋಟೋದಿಂದ ತೆಗೆಯಲು ಹೇಳಿದ್ದಳು. ನೀನು ಫೋಟೋ ಎಕ್ಸ್‌ಪರ್ಟ್ ಅಲ್ವಾ ಎಂದು ನಕ್ಕಿದ್ದಳು. ಬದರಿನಾಥನ ವೀಸಾ ನವೀಕರಣವೂ ಅವಳ ಸಹಿಗೆ ಕಾದಿತ್ತು.

ಕಂಪ್ಯೂಟರಿನಲ್ಲಿ ಟೀಮ್ ಫೋಟೋ ತೆರೆದು ಕೂತ. ಕೈ ತಾನಾಗಿ ಚುರುಕಾಯಿತು. ಪಕ್ಕದವರ ಕೂದಲ ಕ್ರಾಪ್ ಕೆಡದಂತೆ ಇವರ ತಲೆಯನ್ನೇ ಕ್ರಾಪ್ ಮಾಡಿ ತೆಗೆಯಬೇಕು. ಕಲೆ ಉಳಿಯದಂತೆ ಮಾಡುವುದೇ ಕಲೆ. ನಾಲ್ವರು ಹೋದರು, ಗೋಡೆ ಬಂತು. ಅವಸರವಿಲ್ಲ, ನಡುಕವಿಲ್ಲ. ಬೆಳಗಿನ ಖುಷಿಯೇ ಮುಂದುವರಿದಂತಿತ್ತು. ಐದನೆಯವನು ಪ್ರಶಾಂತ್. ಅವನೂ ಹೋದ.

ಫೋಟೋದ ಬದರಿನಾಥನ ಭುಜದ ಮೇಲೆ ನಾಲ್ಕು ಬೆರಳು ಉಳಿದವು.

ಅಳಿಸಿದ. ಬೆರಳಿನ ಜೊತೆ ಭುಜವೂ ಹೋಯಿತು. ಭುಜ ವಾಪಸ್ ತಂದ. ಬೆರಳೂ ಬಂದವು.

ಮೂಲೆಯಲ್ಲಿ ರಚನಾಳ ಮೆಸೇಜ್ ಮಿನುಗಿತು: "ಆಯ್ತಾ?"

"ಒಂದೇ ನಿಮಿಷ" ಎಂದು ಟೈಪ್ ಮಾಡಿ, ಬದರಿನಾಥ ಕೂತಲ್ಲೇ ತನ್ನ ಎಡಭುಜ ಕೊಡವಿಕೊಂಡ.

ಪರದೆಯ ಮೇಲೆ ಬೆರಳುಗಳ ಹಿಡಿತ ಸಡಿಲವಾಗಲಿಲ್ಲ.