ಪಾತ್ರೆ ತಿಕ್ಕುತ್ತಿದ್ದವನ ಬೆನ್ನು

ಹಿರಿಯಡ್ಕ ದಾಟಿದ ಏರಿನಲ್ಲಿ ಮುಂದಿನ ಸಿಮೆಂಟಿನ ಲಾರಿ ಮತ್ತೆ ಏದುಸಿರು ಬಿಟ್ಟಿತು, ಕರಿ ಹೊಗೆ ನೇರ ಕಾರಿನೊಳಗೆ, ಗಾಜು ಏರಿಸಿ ಮಾವ ಎನ್ನಬೇಕು, ಎಂದರೆ ಮಾವ ಮಾತು ನಿಲ್ಲಿಸಿ ಗಾಜು ಏರಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ, ಹಾಗಾಗಿ ನೌಕಾದಳದ ಕಮಾಂಡರ್ ಜಿತೇಂದ್ರ ಸುಮ್ಮನೆ ಹೊಗೆ ಕುಡಿದ — ಆದಿತ್ಯವಾರ ಸಭೆ ಜಿತು, ಶಾಲು ಉಂಟು, ಹಾರ ಉಂಟು, ಬೆಳ್ಳಿಯದ್ದೊಂದು ದೋಣಿ ಮಾಡಿಸಿದ್ದಾರೆ, ನೀನು ಯೂನಿಫಾರ್ಮಿನಲ್ಲೇ ಬರಬೇಕು. ಬರುವುದಿಲ್ಲ ಮಾವ. ಎಂತ ಬರುವುದಿಲ್ಲ? ನಮ್ಮ ಬೋಟಿನವರ ಜೀವ ಉಳಿಸಿದ್ದೀಯ, ಬೇರೆ ಯಾರಾದರೂ ಆಗಿದ್ದರೆ ಗುಂಡು ಹೊಡೆದು ಮುಳುಗಿಸ್ತಿದ್ರು, ನಮ್ಮವರು ಅಂತ ಇತ್ತಲ್ಲ ನಿನಗೆ. ನಮ್ಮವರು ಅಂತ ಗೊತ್ತಿರಲಿಲ್ಲ ಮಾವ. ತಲೆಗೆ ಗೊತ್ತಿರ್ಲಿಕ್ಕಿಲ್ಲ ಮಾರಾಯ, ರಕ್ತಕ್ಕೆ ಗೊತ್ತಿರ್ತದೆ. ರಕ್ತಕ್ಕೆ! ಕಾಪುವಿನಲ್ಲಿ ಮೀನುಗಾರರ ಸಂಘದ ಕಾರ್ಯದರ್ಶಿಯಾಗಿರುವ ಉಮಾನಾಥ ಮಾವನಿಗೆ ರಕ್ತದ ವಿಷಯವೆಲ್ಲ ಗೊತ್ತು, ಅವನು ಊರಿಗೆ ಬಂದ ದಿನದಿಂದ ಇದೇ, ಬೆಳಗ್ಗೆ ಕಾಫಿಗೆ ಇದು, ಮಧ್ಯಾಹ್ನ ಬಂಗುಡೆ ಸಾರಿಗೆ ಇದು, ನೆರೆಮನೆಯ ಮೋಹಿನಿಯಕ್ಕ ಬೇಲಿಯಾಚೆಯಿಂದ ಕೈ ಮುಗಿದದ್ದು ಬೇರೆ, ಕೈ ಮುಗಿಯಬೇಡಿ ಅಕ್ಕ ಎಂದರೆ ಎಷ್ಟು ವಿನಯ ನೋಡಿ ಎಂದು ಇನ್ನೊಮ್ಮೆ ಮುಗಿದರು, ಇವರಿಗೆಲ್ಲ ಹೇಗೆ ಹೇಳುವುದು, ಹೇಳಿದರೆ ಯಾರು ಕೇಳುತ್ತಾರೆ, ಈ ಲಾರಿಯವನಿಗೆ ಸ್ವಲ್ಪ ಎಡಕ್ಕೆ ತೆಗೆಯಲು ಏನು ರೋಗ.

ನೌಕಾದಳದ ವಿಚಾರಣೆಯ ಕೋಣೆಯಲ್ಲೂ ಅದೇ ಆಗಿತ್ತು, ಹಾರವಿಲ್ಲ ಅಷ್ಟೆ. ಮೇಜಿನಾಚೆ ಮೂವರು, ನಡುವಿನವರದು ಬಹಳ ಮೆತ್ತಗಿನ ಧ್ವನಿ, ನಿಮ್ಮ ಊರು ಕಾಪು ಅಲ್ಲವೇ ಕಮಾಂಡರ್, ಆ ಬೋಟು ಮಲ್ಪೆಯದು, ಎಷ್ಟು ದೂರ ಎರಡಕ್ಕೂ? ಹತ್ತಿರವೇ ಸರ್, ಆದರೆ ಸಮುದ್ರದಲ್ಲಿ ಬೋಟಿನ ಹಣೆಯ ಮೇಲೆ ಊರು ಬರೆದಿರುವುದಿಲ್ಲ, ಬರೆದಿದ್ದರೂ ಆ ಮಂಜಿನಲ್ಲಿ ಕಾಣುವುದಿಲ್ಲ. ಮೀನು ಹಿಡಿಯುವ ಬೋಟಿನ ವೇಷದಲ್ಲಿ ಸ್ಫೋಟಕ ಬರಬಹುದು ಎಂಬ ಎಚ್ಚರಿಕೆ ನಿಮಗೆ ತಲುಪಿತ್ತಲ್ಲ? ತಲುಪಿತ್ತು. ಟ್ಯಾಂಕರ್ ಹಡಗಿನ ತುಂಬ ಎಣ್ಣೆ ಇದ್ದದ್ದು ಗೊತ್ತಿತ್ತಲ್ಲ? ಗೊತ್ತಿತ್ತು, ಅದಕ್ಕೆ ಕಾವಲು ಹೋಗಿದ್ದೇ ನನ್ನ ಹಡಗು. ಮತ್ತೆ ಗುಂಡು ಯಾಕೆ ಹಾರಿಸಲಿಲ್ಲ? ಊರಿನವರ ಪ್ರಕಾರ ರಕ್ತ, ಇವರ ಪ್ರಕಾರವೂ ರಕ್ತವೇ, ಅಲ್ಲಿ ಅದಕ್ಕೆ ಬೆಳ್ಳಿಯ ದೋಣಿ, ಇಲ್ಲಿ ಅದಕ್ಕೆ ಹಡಗು ಕಸಿದುಕೊಂಡು ರಜೆ — ಮನುಷ್ಯ ಕಣ್ಣಿನಿಂದ ನೋಡಿ ತಲೆಯಿಂದ ಯೋಚಿಸಿರಬಹುದು ಎಂದು ಒಬ್ಬನಿಗಾದರೂ, ಒಬ್ಬನಿಗಾದರೂ ಹೊಳೆಯಬಾರದೇ. ಜಿತು, ಕಾರ್ಕಳದಲ್ಲಿ ಎಲ್ಲಿ ತಿರುಗಿಸಬೇಕು? ಬಸ್‌ಸ್ಟ್ಯಾಂಡ್ ದಾಟಿ ಎಡಕ್ಕೆ ಮಾವ. ನಿನ್ನ ಹಡಗಿನ ಆ ಹುಡುಗ ರಿತೇಶನಿಗೂ ಸಭೆಗೆ ಹೇಳುವಾ? ಬೇಡ. ಅಲ್ಲ, ಅವನೂ ನಮ್ಮ ಜಿಲ್ಲೆಯವನೇ ಅಲ್ವಾ, ಕಾಲು ಹೋಯಿತು ಪಾಪ. ಬೇಡ ಮಾವ, ದಮ್ಮಯ್ಯ, ಬೇಡ.

ಅವತ್ತು ಬೆಳಗಿನ ಮಂಜು, ಹಾಲು ಚೆಲ್ಲಿದಂತೆ ಸಮುದ್ರ, ಬೋಟು ನೇರ ಟ್ಯಾಂಕರಿನ ಹೊಟ್ಟೆಗೆ ಬರುತ್ತಿದೆ, ರೇಡಿಯೋದಲ್ಲಿ ಕರೆದರೆ ಉತ್ತರವಿಲ್ಲ, ಮೂತಿಯ ಮುಂದೆ ನೀರಿಗೆ ಎಚ್ಚರಿಕೆಯ ಗುಂಡು ಹಾರಿಸಿದರೂ ದಿಕ್ಕು ಬದಲಿಲ್ಲ, ದಡದಿಂದ ಹೆಡ್‌ಫೋನಿನಲ್ಲಿ ಧ್ವನಿ, ನಿಮಗೆ ಅನುಮತಿ ಇದೆ, ನಿರ್ಧಾರ ನಿಮ್ಮದು. ಎಷ್ಟು ಸುಲಭ, ನಿರ್ಧಾರ ನಿಮ್ಮದು, ಬಾಯಿ ಒರೆಸಿ ಕೈ ತೊಳೆದುಕೊಂಡಂತೆ. ಅವನು ದುರ್ಬೀನು ಎತ್ತಿದ. ಮಂಜು ಸರಿದ ಸಂದಿನಲ್ಲಿ, ಬೋಟಿನ ಹಿಂಬದಿಯಲ್ಲಿ ಒಬ್ಬ ಕುಕ್ಕುರುಗಾಲಿನಲ್ಲಿ ಕೂತು ಅನ್ನದ ಪಾತ್ರೆ ತಿಕ್ಕುತ್ತಿದ್ದಾನೆ. ಯುದ್ಧನೌಕೆಗೆ ಬೆನ್ನು, ಹರಿದ ಬನಿಯನ್ನು, ಬಲಗೈ ಗರಗರ ತಿರುಗುತ್ತದೆ, ತಳ ಹಿಡಿದಿರಬೇಕು, ಪಾತ್ರೆ ಓರೆ ಮಾಡಿ ನೋಡುತ್ತಾನೆ, ಮತ್ತೆ ತಿಕ್ಕುತ್ತಾನೆ. ಸಾಯಲು ಹೊರಟವನು ಮಧ್ಯಾಹ್ನದ ಅನ್ನಕ್ಕೆ ಪಾತ್ರೆ ತೊಳೆಯುವುದಿಲ್ಲ. ಅಷ್ಟೇ. ರಕ್ತವಲ್ಲ, ಕಾಪುವಲ್ಲ. ಚುಕ್ಕಾಣಿಗೆ ಹಗ್ಗ ಕಟ್ಟಿ ಬೋಟು ನಡೆಸುವ ತಾಂಡೇಲ ಮಲಗಿದ್ದ, ಎಂಜಿನಿನ ಸದ್ದಿನಲ್ಲಿ ಪಾತ್ರೆ ತಿಕ್ಕುವವನಿಗೆ ಏನೂ ಕೇಳಿಸುತ್ತಿರಲಿಲ್ಲ, ಅದೆಲ್ಲ ತಿಳಿದದ್ದು ಆಮೇಲೆ. ಗುಂಡು ಬೇಡ, ಪೂರ್ತಿ ವೇಗ, ಬಲಕ್ಕೆ, ಹಡಗನ್ನು ಟ್ಯಾಂಕರಿಗೂ ಬೋಟಿಗೂ ನಡುವೆ ತಂದು ನಿಲ್ಲಿಸಿದ, ಬೋಟು ಬಂದು ಬಡಿಯಿತು, ಬಲೆ ಎತ್ತುವ ಕಬ್ಬಿಣದ ಕಮಾನು ಹಡಗಿನ ಬಲಬದಿಯ ಕಂಬಿಯನ್ನು ಮಡಚಿ ಹಾಕಿತು, ಕಂಬಿ ಮತ್ತು ಗನ್ನಿನ ನಡುವೆ ರಿತೇಶನ ಕಾಲು.

ರಿತೇಶನ ಮನೆಯಂಗಳದಲ್ಲಿ ಒಣಹಾಕಿದ ಬಟ್ಟೆಗಳ ನಡುವೆ ಒಂದು ನೌಕಾದಳದ ಬಿಳಿ ಅಂಗಿ, ಅವನ ತಾಯಿ ವಿನೋದಮ್ಮ ಬನ್ನಿ ಎಂದರು, ಕೂತ್ಕೊಳ್ಳಿ ಎಂದರು, ಅಳಲಿಲ್ಲ, ಅತ್ತಿದ್ದರೆ ಚೆನ್ನಾಗಿತ್ತು ಎನಿಸಿತು, ಬೈದಿದ್ದರೆ ಇನ್ನೂ ಚೆನ್ನಾಗಿತ್ತು. ಮಾವ ಶುರು ಮಾಡಿಯೇ ಬಿಟ್ಟರು, ನಿಮ್ಮ ಮಗ ದೇವರಂಥವನು ಅಮ್ಮ. ಮಾವ, ಕಾರಿನಲ್ಲಿ ಹಣ್ಣಿನ ಚೀಲ ಉಂಟು, ತನ್ನಿ. ಆಮೇಲೆ ತಂದರಾಯಿತು. ಈಗ ತನ್ನಿ ಮಾವ. ಮಾವ ಹೋದರು, ಚಹಾ ಮಾಡುತ್ತೇನೆಂದು ವಿನೋದಮ್ಮ ಒಳಗೆ ಹೋದರು. ರಿತೇಶ ಎದ್ದು ನಿಲ್ಲಲು ನೋಡಿದ, ಕೂತಿರು ಎಂದರೂ ಕೇಳದೆ ಗೋಡೆ ಹಿಡಿದು ನಿಂತ, ಮಣಿಪಾಲದಲ್ಲಿ ಅಳತೆ ತಗೊಂಡಿದ್ದಾರೆ ಸರ್, ಹೊಸ ಕಾಲು ಬರುವ ತಿಂಗಳು. ಬಾಯಿಪಾಠ ಮಾಡಿಕೊಂಡು ಬಂದ ಮಾತು ಒಂದೂ ನೆನಪಿಗೆ ಬರುವುದಿಲ್ಲ, ರಿತೇಶ, ನಾನು ಅವತ್ತು ಗುಂಡು ಬೇಡ ಎಂದದ್ದು ಯಾಕೆಂದರೆ — ಗೊತ್ತುಂಟು ಸರ್. ಎಂತ ಗೊತ್ತುಂಟು, ಎಲ್ಲರಿಗೂ ಎಲ್ಲ ಗೊತ್ತುಂಟು, ರೇಗಿಬಿಟ್ಟ, ಕಾಲು ಕಳೆದುಕೊಂಡವನ ಮೇಲೆ, ನೀನೂ ಅದನ್ನೇ ಹೇಳು, ನಮ್ಮೂರಿನವರೆಂದು ಬಿಟ್ಟೆ ಎಂದು. ರಿತೇಶ ಅವನನ್ನೇ ನೋಡಿದ. ಅಲ್ಲ ಸರ್. ಅವನು ಪಾತ್ರೆ ತಿಕ್ಕುತ್ತಿದ್ದನಲ್ಲ. ನಾನು ಗನ್ನಿನ ಹಿಂದೆ ಇದ್ದೆ, ಗುರಿ ಅವನ ಬೆನ್ನಿನ ಮೇಲೆಯೇ ಇತ್ತು, ನೀವು ಹೇಳಿದ್ರೆ ಹೊಡೀತಿದ್ದೆ, ಹೇಳ್ಬಾರ್ದು ದೇವ್ರೇ ಅಂತ ಇದ್ದೆ. ನೀವು ಹೇಳ್ಲಿಲ್ಲ. ಅದು ಸರಿಯೇ ಸರ್, ಅದರಲ್ಲಿ ನನಗೆ ಎಂತದ್ದೂ ಇಲ್ಲ. ಒಳಗೆ ಲೋಟದ ಸದ್ದು, ಹೊರಗೆ ಮಾವ ಕಾರಿನ ಬಾಗಿಲು ಹಾಕಿದ ಸದ್ದು, ಒಬ್ಬನಾದರೂ, ಕೊನೆಗೂ ಒಬ್ಬನಾದರೂ — ಆದರೆ ಸರ್, ಬಡಿಯುವ ಮೊದಲು ಮೈಕಿನಲ್ಲಿ ಒಂದು ಮಾತು ಹೇಳ್ಬಹುದಿತ್ತು, ಹಿಡ್ಕೊಳ್ಳಿ ಅಂತ, ಹೇಳಿದ್ರೆ ನಾನು ಹಿಂದೆ ಸರೀತಿದ್ದೆ. ಬಡೀತದೆ ಅಂತ ನಿಮಗೆ ಗೊತ್ತಿತ್ತು, ನಮಗೆ ಗೊತ್ತಿರ್ಲಿಲ್ಲ.

ಗೊತ್ತಿತ್ತು. ಮೇಜಿನಾಚೆಯ ಮೂವರೂ ಇದನ್ನು ಕೇಳಲಿಲ್ಲ, ಮಾವ ಕೇಳಲಿಲ್ಲ, ಅವನೂ ತನ್ನನ್ನು ಕೇಳಿಕೊಳ್ಳಲಿಲ್ಲ, ಗುಂಡು ಯಾಕಿಲ್ಲ ಗುಂಡು ಯಾಕಿಲ್ಲ ಎಂದು ಎಲ್ಲರ ಜೊತೆ ಜಗಳವಾಡುತ್ತಲೇ ಇದ್ದ. ಕ್ಷಮಿಸು ಎನ್ನಲು ಬಾಯಿ ತೆರೆದರೆ ಬಂದದ್ದು, ಹೌದು ರಿತೇಶ, ಹೇಳಬೇಕಿತ್ತು, ಬರೆದು ಕೊಡುತ್ತೇನೆ ವಿಚಾರಣೆಯವರಿಗೆ. ಬರೆದುಕೊಡಿ ಸರ್, ಎಂದ ಅವನು ಸಮಾಧಾನದಿಂದಲೇ, ಗೋಡೆ ಬಿಟ್ಟು ಕುಳಿತ. ವಿನೋದಮ್ಮ ಚಹಾ ಇಟ್ಟರು, ಮಾವ ಹಣ್ಣಿನ ಚೀಲ ಹಿಡಿದು ಬಾಗಿಲಲ್ಲಿ, ಎಂತ ಮಾತಾಡಿದಿರಿ ಮಾರಾಯ, ಚಹಾದಿಂದ ಹಬೆ ಏಳುತ್ತದೆ, ಮತ್ತೆ ಆ ಮಂಜು, ಮೈಕು ಕೈಯಳತೆಯಲ್ಲೇ ಇತ್ತು, ಒಂದು ಪದ, ಅದನ್ನೀಗ ಮನಸ್ಸಿನಲ್ಲೇ ಹೇಳಿ ನೋಡುತ್ತಾನೆ, ಹಿಡಿದುಕೊಳ್ಳಿ, ಯಾರಿಗೂ ಕೇಳುವುದಿಲ್ಲ, ದುರ್ಬೀನಿನ ಒಳಗೆ ಶಬ್ದ ಹೋಗುವುದಿಲ್ಲ, ಅಲ್ಲಿ ಬರೀ ಬೆನ್ನು, ಹರಿದ ಬನಿಯನ್ನು, ಆ ಬಲಗೈ, ತಿಕ್ಕುತ್ತಾನೆ, ಓರೆ ಮಾಡಿ ನೋಡುತ್ತಾನೆ, ಮತ್ತೆ ತಿಕ್ಕುತ್ತಾನೆ